‘ಒಬ್ರೇ ತಾನೇ, ಅಡ್ಜಸ್ಟ್ ಮಾಡ್ಕೊಳ್ಳಿ’ ಎಂದ ಬಸ್ ಕಂಪನಿಗೆ

ಗೆ,
ವ್ಯವಸ್ಥಾಪಕರು,
ಗ್ರಾಹಕರ ದೂರು ವಿಭಾಗ, ಬೆಂಗಳೂರು.

ವಿಷಯ: ಹೈದರಾಬಾದ್ ಹಗಲು ಬಸ್ಸಿನಲ್ಲಿ ನನ್ನ ಬರ್ತ್ ಬೇರೆಯವರಿಗೆ ಕೊಟ್ಟಿದ್ದು, ರಾತ್ರಿ ಹೆದ್ದಾರಿಯಲ್ಲಿ ಇಳಿಸಿದ್ದು.

ಮಾನ್ಯರೇ,

ನಿನ್ನೆ ಸಂಜೆ ನಿಮ್ಮಿಂದ ಮೆಸೇಜ್ ಬಂತು. ನನ್ನ ದೂರು ಪರಿಹಾರ ಆಗಿದೆಯಂತೆ, ಮುಂದಿನ ಪ್ರಯಾಣಕ್ಕೆ 150 ರೂಪಾಯಿ ಕೂಪನ್ ಅಂತೆ. ಯಾವ ದೂರು ಪರಿಹಾರ ಆಯಿತು? ನಿಮ್ಮ ಕಡೆಯವರು ಯಾರೂ ನನ್ನನ್ನು ಒಂದು ಮಾತೂ ಕೇಳಿಲ್ಲ. ನಿಮಗೆ ಫೋನ್ ಮಾಡಿದರೆ ಟಿಕೆಟ್ ಬುಕ್ ಮಾಡಿದ ಆ್ಯಪ್‌ನವರನ್ನು ಕೇಳಿ ಅಂತೀರಿ. ಆ್ಯಪ್‌ನವರು ಬಸ್ಸಿನವರನ್ನೇ ಕೇಳಿ ಅಂತಾರೆ. ಇಲ್ಲಿಯವರೆಗೆ ಸಮಾಧಾನವಾಗಿಯೇ ಮಾತಾಡಿದ್ದೇನೆ. ಇನ್ನು ಎಲ್ಲವೂ ಬರವಣಿಗೆಯಲ್ಲೇ ಇರಲಿ.

ಹಗಲು ಬಸ್ಸೇ ಬೇಕು ಅಂತ ಹುಡುಕಿ ಟಿಕೆಟ್ ತೆಗೆದುಕೊಂಡವಳು ನಾನು. ಒಬ್ಬಳೇ ಹೋಗುವಾಗ ಕತ್ತಲಾಗುವ ಮುಂಚೆ ಊರು ಸೇರಿಬಿಡಬೇಕು. ಬೆಳಿಗ್ಗೆ 7ಕ್ಕೆ ಹೆಬ್ಬಾಳ, ಸಂಜೆ 5ಕ್ಕೆ ಹೈದರಾಬಾದ್ ಊರೊಳಗಿನ ಲಕ್ಡಿಕಾಪುಲ್ ಅಂತ ನಿಮ್ಮ ಟಿಕೆಟ್‌ನಲ್ಲೇ ಇದೆ. ಪಕ್ಕದಲ್ಲಿ ಯಾರೂ ಇರಬಾರದು ಅಂತ ಒಂಟಿ ಸಾಲಿನ ಕೆಳಗಿನ ಬರ್ತ್‌ಗೆ ದುಡ್ಡೂ ಜಾಸ್ತಿ ಕೊಟ್ಟಿದ್ದೆ.

ಬಸ್ ಬಂದಿದ್ದು ಒಂಬತ್ತೂವರೆಗೆ. ಅಲ್ಲಿಯವರೆಗೂ ಫೋನ್ ಮಾಡಿದಾಗೆಲ್ಲ ‘ಮೇಖ್ರಿ ಸರ್ಕಲ್ ಹತ್ರ ಇದೀವಿ ಮೇಡಂ, ಐದೇ ನಿಮಿಷ.’ ಹೋಗಲಿ, ಬೆಂಗಳೂರು ಟ್ರಾಫಿಕ್ ಅಂತ ಅದನ್ನು ಬಿಡುತ್ತಿದ್ದೆ.

ಬಿಡಲಾಗದ್ದು ಚಿಕ್ಕಬಳ್ಳಾಪುರದ ಹತ್ತಿರ ಆಗಿದ್ದು. ಹೆದ್ದಾರಿ ಪಕ್ಕ ಕೈ ತೋರಿಸಿದ ಒಬ್ಬರಿಗೆ ಬಸ್ ನಿಲ್ಲಿಸಿದರು. ನಿಮ್ಮ ಕ್ಲೀನರ್ ಬಾಗಿಲಲ್ಲೇ ನೋಟು ಎಣಿಸಿ ಜೇಬಿಗೆ ಹಾಕಿಕೊಂಡ. ಆಮೇಲೆ ಹೇಳದೆ ಕೇಳದೆ ನನ್ನ ಬರ್ತ್‌ನ ಪರದೆ ಸರಿಸಿದ.

‘ಮೇಡಂ, ನೀವು ಒಬ್ರೇ ತಾನೇ? ಹಿಂದೆ ಮೇಲ್ಗಡೆ ಒಂದು ಖಾಲಿ ಇದೆ, ಅಲ್ಲಿಗೆ ಹೋಗಿ.’

‘ಇದು ನನ್ನ ಬರ್ತ್. ಟಿಕೆಟ್ ನೋಡಿ, ನಂಬರ್ ಇದೆ.’

‘ನಂಬರ್ ಎಲ್ಲಾ ಇರತ್ತೆ ಮೇಡಂ. ಇವರು ಓನರ್ ಕಡೆಯವರು.’

‘ಓನರ್ ಕಡೆಯವರಾದರೆ ಈಗ ತಾನೇ ದುಡ್ಡು ಯಾಕೆ ಎಣಿಸಿಕೊಂಡಿರಿ?’

ಅಷ್ಟಕ್ಕೇ ದನಿ ಏರಿತು. ‘ಒಬ್ಬೊಬ್ಬರೇ ಓಡಾಡೋರು ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕು. ಫ್ಯಾಮಿಲಿ ಇದ್ದಿದ್ರೆ ನಾವೇ ಕೇಳ್ತಿರಲಿಲ್ಲ. ಆಗಲ್ಲ ಅಂದ್ರೆ ಇಲ್ಲೇ ಇಳೀರಿ, ಬೇರೆ ಬಸ್ ನೋಡ್ಕೊಳ್ಳಿ.’ ಇಷ್ಟು ಹೇಳಿ, ಕೆಳಗೆ ಬಿಟ್ಟಿದ್ದ ನನ್ನ ಚಪ್ಪಲಿಗಳನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದ. ಒಂದು ಹೋಗಿ ಇನ್ನೊಬ್ಬರ ಬರ್ತ್ ಕೆಳಗೆ ಸೇರಿತು. ನಾನು ಮಂಡಿಯೂರಿ ಅದನ್ನು ಎಳೆದುಕೊಳ್ಳುವಾಗ ನನ್ನ ಬ್ಯಾಗ್ ಆಗಲೇ ಅವನ ಕೈಯಲ್ಲಿತ್ತು. ಎರಡು ಮೂರು ಪರದೆ ಸರಿದವು, ಮುಖ ಕಂಡವು, ಮತ್ತೆ ಮುಚ್ಚಿಕೊಂಡವು. ಡ್ರೈವರ್ ಕನ್ನಡಿಯಲ್ಲಿ ನೋಡಿ ‘ಬೇಗ ಮುಗಿಸೋ’ ಅಂದರು. ನಾನಿನ್ನೂ ಅಲ್ಲೇ ನಿಂತಿರುವಾಗ ಆ ವ್ಯಕ್ತಿ ನನ್ನ ಹೊದಿಕೆಯನ್ನೇ ಎಳೆದುಕೊಂಡು ಮಲಗಿದರು.

ನಾನು ಒಬ್ಬಳೇ ಇದ್ದೆ ಅನ್ನೋದು ಬಿಟ್ಟರೆ ಇದಕ್ಕೆ ಬೇರೆ ಕಾರಣವೇ ಇಲ್ಲ. ನನ್ನ ಪರವಾಗಿ ಜಗಳ ಆಡೋಕೆ ಪಕ್ಕದಲ್ಲಿ ಯಾರೂ ಇಲ್ಲ ಅಂತ ನೋಡಿಯೇ ಅವನು ನನ್ನ ಹತ್ತಿರ ಬಂದಿದ್ದು.

ಹಿಂದೆ ಹೋದರೆ ಇನ್ನೂ ಭಯವಾಗುವ ಸಂಗತಿ. ತುರ್ತು ಬಾಗಿಲಿಗೆ ಅಡ್ಡವಾಗಿ ಎದೆಮಟ್ಟ ಪಾರ್ಸೆಲ್ ಕಟ್ಟುಗಳು. ಹಿಡಿಕೆಯೇ ಕಾಣುತ್ತಿರಲಿಲ್ಲ. ಫೋಟೊ ತೆಗೆದಿಟ್ಟುಕೊಂಡಿದ್ದೇನೆ. ಇದು ಯಾವ ರಸ್ತೆ ಅಂತ ನಿಮಗೆ ನೆನಪಿಸಬೇಕೇ? 2013ರ ಅಕ್ಟೋಬರ್ 30ರಂದು ಬೆಂಗಳೂರಿಂದ ಹೈದರಾಬಾದ್‌ಗೆ ಹೊರಟಿದ್ದ ವೋಲ್ವೊ ಬಸ್ ಪಾಲೆಂ ಬಳಿ ಹೊತ್ತಿಕೊಂಡು 45 ಜನ ಸತ್ತರು. 2025ರ ಅಕ್ಟೋಬರ್ 24ರಂದು ಹೈದರಾಬಾದ್‌ನಿಂದ ಬರುತ್ತಿದ್ದ ಸ್ಲೀಪರ್ ಬಸ್ ಕರ್ನೂಲು ಹತ್ತಿರ ಸುಟ್ಟುಹೋಯಿತು. ಎರಡೂ ಸಲ ಹೆಣ ಗುರುತಿಸೋಕೆ ಡಿಎನ್‌ಎ ಪರೀಕ್ಷೆ ಮಾಡಬೇಕಾಯಿತು. ನನ್ನ ಹೆಸರಿನ ಬರ್ತ್‌ನಲ್ಲಿ ಪಟ್ಟಿಯಲ್ಲೇ ಇಲ್ಲದ ಮನುಷ್ಯ, ನಾನು ಇನ್ನೆಲ್ಲೋ. ಏನಾದರೂ ಆಗಿದ್ದರೆ ನಮ್ಮ ಮನೆಯವರಿಗೆ ಏನಂತ ಹೇಳುತ್ತಿದ್ದಿರಿ?

ಅನಂತಪುರ ದಾಟಿ ಎಸಿ ಕೆಟ್ಟಿತು. ಊಟಕ್ಕೆ ನಿಲ್ಲಿಸಿದ ಢಾಬಾದಲ್ಲಿ ಹೆಂಗಸರ ಶೌಚಾಲಯಕ್ಕೆ ಬೀಗ. ರಾತ್ರಿ ಒಂಬತ್ತರ ಮೇಲೆ ಹೈದರಾಬಾದ್ ಹೊರಗಿನ ಶಂಶಾಬಾದ್ ಹತ್ತಿರ ‘ಬಸ್ ಒಳಗೆ ಹೋಗಲ್ಲ, ಇಳೀರಿ’ ಅಂದರು. ಲಕ್ಡಿಕಾಪುಲ್ ಅಂತ ಟಿಕೆಟ್ ತೋರಿಸಿದರೆ ಅದೇ ಹುಡುಗ ಅದೇ ಉತ್ತರ ಕೊಟ್ಟ: ‘ಒಬ್ರೇ ತಾನೇ, ಆಟೋ ಸಿಗತ್ತೆ.’ ಸರ್ವಿಸ್ ರಸ್ತೆಯಲ್ಲಿ ದೀಪವೂ ಇರಲಿಲ್ಲ. ನಮ್ಮ ಚಿಕ್ಕಮ್ಮನ ಮಗ ಬೈಕ್‌ನಲ್ಲಿ ಬರುವವರೆಗೆ ಮುಚ್ಚಿದ ಪಂಕ್ಚರ್ ಅಂಗಡಿ ಮುಂದೆ ನಿಂತಿದ್ದೆ. ಆ ಹೊತ್ತು ಹೇಗೆ ಕಳೆಯಿತು ಅಂತ ನಿಮಗೆ ಬರೆದು ಪ್ರಯೋಜನವಿಲ್ಲ.

ನಿಮ್ಮ ನಿಯಮ ನಿಮಗೆ ಗೊತ್ತಿಲ್ಲದ್ದೇನಲ್ಲ. ನಿಮ್ಮ ಬಸ್ಸಿನ ಮೇಲೆ ಟೂರಿಸ್ಟ್ ಅಂತ ಬರೆದಿದೆ, ಅಂದರೆ ಅದು ಮೊದಲೇ ಒಪ್ಪಂದವಾದ ಪ್ರಯಾಣಿಕರನ್ನಷ್ಟೇ ಒಯ್ಯಬೇಕಾದ ಕಾಂಟ್ರ್ಯಾಕ್ಟ್ ಕ್ಯಾರೇಜ್. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಕಾಂಟ್ರ್ಯಾಕ್ಟ್ ಕ್ಯಾರೇಜ್ ಗಾಡಿ ದಾರಿಯಲ್ಲಿ ಕೈ ತೋರಿಸಿದವರನ್ನು ಹತ್ತಿಸಿಕೊಳ್ಳುವಂತಿಲ್ಲ. ಹತ್ತಿಸಿದ್ದೀರಿ, ದುಡ್ಡು ತೆಗೆದುಕೊಂಡಿದ್ದೀರಿ, ಆ ದುಡ್ಡಿಗೆ ನನ್ನ ಜಾಗ ಮಾರಿದ್ದೀರಿ.

ಟಿಕೆಟ್ ಹಣ ಪೂರ್ತಿ ವಾಪಸ್ ಬರಬೇಕು. ಕ್ಷಮೆ ಕಾಗದದಲ್ಲಿ ಬರಬೇಕು, ಏನು ನಡೆಯಿತು ಅನ್ನೋದನ್ನು ಅದರಲ್ಲಿ ನೀವೇ ಬರೆದಿರಬೇಕು. ಆ ಹುಡುಗನನ್ನು ಕೆಲಸದಿಂದ ತೆಗೆಯಿರಿ ಅಂತ ನಾನು ಕೇಳುತ್ತಿಲ್ಲ. ಒಬ್ಬರೇ ಬರುವ ಹೆಂಗಸರನ್ನು ಎಲ್ಲಿ ಬೇಕಾದರೂ ತಳ್ಳಬಹುದು ಅಂತ ಅವನಿಗೆ ಕಲಿಸಿದವರು ಮೇಲಿದ್ದಾರೆ.

ಹಣ, ಕ್ಷಮೆ ಎರಡೂ ಬಂದರೂ ತುರ್ತು ಬಾಗಿಲಿನ ಫೋಟೊ ಮತ್ತು ಗಾಡಿ ನಂಬರ್ ಸಾರಿಗೆ ಇಲಾಖೆಗೆ ಹೋಗಿಯೇ ಹೋಗುತ್ತದೆ. ಅದರಲ್ಲಿ ಮಾತುಕತೆ ಇಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ಇವತ್ತೇ ದೂರು ಕೊಡುತ್ತೇನೆ. 2019ರ ಗ್ರಾಹಕರ ರಕ್ಷಣಾ ಕಾಯ್ದೆ ಪ್ರಕಾರ ನಾನು ಇರುವ ಊರಲ್ಲೇ ಕೇಸ್ ಹಾಕಬಹುದು, ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ, ನನ್ನ ಕೇಸ್ ನಾನೇ ವಾದಿಸಬಹುದು. ಎರಡು ವರ್ಷ ಕಾಲಾವಕಾಶ ಇದೆ ಅಂತ ನೀವು ನಿಧಾನ ಮಾಡಬೇಡಿ, ನಾನು ಅಷ್ಟು ಕಾಯುವವಳಲ್ಲ. ಗ್ರಾಹಕರ ಆಯೋಗಕ್ಕೂ ಒಬ್ಬಳೇ ಬರುತ್ತೇನೆ. ನೀವು ವಕೀಲರನ್ನು ಇಟ್ಟುಕೊಳ್ಳಿ.

ಇಂತಿ,
ನಿಮ್ಮ ಪ್ರಯಾಣಿಕಳು,
ಹೆಬ್ಬಾಳ, ಬೆಂಗಳೂರು