ಹೆಲಿಕಾಪ್ಟರ್ ಕಂಪನ ಪರೀಕ್ಷೆ: ವಿಮಾನಯಾನ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಪ್ರಯಾಣಿಕರ ಹೆಲಿಕಾಪ್ಟರ್‌ಗಳಲ್ಲಿ ಕಂಪನ ಅಳೆಯುವ ವ್ಯವಸ್ಥೆ ಇರಬೇಕು ಎಂದು ಬರೆದು ನಿಯಮ ಮುಗಿಸಬೇಡಿ. ಅದು ಗೇರ್‌ಗಳಲ್ಲಿನ ಯಾವ ಬಿರುಕನ್ನು ಹಿಡಿಯುತ್ತದೆ, ಯಾವುದನ್ನು ಬಿಟ್ಟುಬಿಡುತ್ತದೆ ಎಂದು ತೋರಿಸಲೇಬೇಕು ಅಂತಲೂ ಸೇರಿಸಿ.

1986ರಲ್ಲಿ ಉತ್ತರ ಸಮುದ್ರದಲ್ಲಿ, ಶೆಟ್ಲೆಂಡ್ ಹತ್ತಿರ ಚಿನೂಕ್ ಹೆಲಿಕಾಪ್ಟರ್ ಬಿದ್ದು 45 ಜನ ಸತ್ತರು. ಎಂಜಿನ್ನಿನ ಶಕ್ತಿಯನ್ನು ಮೇಲೆ ತಿರುಗುವ ರೆಕ್ಕೆಗಳಿಗೆ, ಅಂದರೆ ರೋಟರ್‌ಗೆ, ದಾಟಿಸುವ ಮುಂಭಾಗದ ಗೇರ್‌ಬಾಕ್ಸ್‌ನ ಒಂದು ಗೇರ್ ಒಡೆದಿತ್ತು. ಈ ಕಂಪನ ಅಳೆಯುವ ವ್ಯವಸ್ಥೆಗೆ ಒತ್ತಾಯ ಜಾಸ್ತಿಯಾಗಿದ್ದು ಆಮೇಲೆ. 1999ರಲ್ಲಿ ಬ್ರಿಟನ್ ದೊಡ್ಡ ಹೆಲಿಕಾಪ್ಟರ್‌ಗಳಿಗೆ ಅದನ್ನು ಕಡ್ಡಾಯ ಮಾಡಿತು. ಒಳ್ಳೆಯ ಕೆಲಸ, ಎರಡು ಮಾತಿಲ್ಲ.

ಆದರೂ 2016ರ ಏಪ್ರಿಲ್ 29ರಂದು ನಾರ್ವೆಯ ಟುರೋಯ್ ಬಳಿ ಸೂಪರ್ ಪ್ಯೂಮಾ ಹೆಲಿಕಾಪ್ಟರಿನ ಮುಖ್ಯ ರೋಟರ್ ಹಾರುವಾಗಲೇ ಕಳಚಿಕೊಂಡಿತು. 13 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ವ್ಯವಸ್ಥೆ ಇತ್ತು, ಎಚ್ಚರಿಕೆ ಬರಲಿಲ್ಲ. ಬಿರುಕು ಬಿಟ್ಟಿದ್ದು ಪ್ಲಾನೆಟ್ ಗೇರ್. ಅದು ತಾನೂ ತಿರುಗುತ್ತದೆ, ನಡುವಿನ ಗೇರನ್ನೂ ಸುತ್ತುತ್ತದೆ. ಸೆನ್ಸರ್ ಕೂತಿರುವುದು ಗೇರ್‌ಬಾಕ್ಸ್‌ನ ಹೊರ ಕವಚದ ಮೇಲೆ. ಒಳಗಿನ ಸಣ್ಣ ಕಂಪನ ಎಷ್ಟೋ ಕೀಲು ದಾಟಿ ಬರುವಷ್ಟರಲ್ಲಿ ಉಳಿದ ಗೇರ್ ಹಲ್ಲುಗಳ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಬಿರುಕು ಮೇಲ್ಮೈಯ ಅಡಿಯಲ್ಲೇ ಬೆಳೆದಿತ್ತು. ಉದುರಿದ ಲೋಹದ ಚೂರುಗಳೂ ಕಮ್ಮಿ. ಹಾಗಾಗಿ ಎಣ್ಣೆಯಲ್ಲಿನ ಚೂರು ಹಿಡಿಯುವ ಅಯಸ್ಕಾಂತಕ್ಕೂ ಅದು ಗೊತ್ತಾಗಲಿಲ್ಲ.

ಸೂಪರ್‌ಕಂಪ್ಯೂಟರ್ ಪರೀಕ್ಷಿಸುವವರು ಇಂಥ ಪಾಠವನ್ನು ಆಗಲೇ ಕಲಿತಿದ್ದಾರೆ. 1993ರಿಂದ ಜಗತ್ತಿನ ಅತಿ ವೇಗದ ಸೂಪರ್‌ಕಂಪ್ಯೂಟರ್‌ಗಳ ಟಾಪ್500 ಪಟ್ಟಿಯಲ್ಲಿ ಸ್ಥಾನ ಕೊಡುವುದು, ದೊಡ್ಡ ಸಮೀಕರಣಗಳನ್ನು ಬಿಡಿಸಿಸಿ ಲೆಕ್ಕದ ವೇಗ ಅಳೆಯುವ ಲಿನ್‌ಪ್ಯಾಕ್ ಪರೀಕ್ಷೆ. ಜಪಾನಿನ ಫುಗಾಕು ಅದರಲ್ಲಿ 442 ಪೆಟಾಫ್ಲಾಪ್ಸ್ ತೋರಿಸಿತು (ಒಂದು ಪೆಟಾಫ್ಲಾಪ್ಸ್ ಅಂದರೆ ಸೆಕೆಂಡಿಗೆ ಹತ್ತು ಕೋಟಿ ಕೋಟಿ ಲೆಕ್ಕ). ಮೆಮೊರಿಯಿಂದ ಡೇಟಾ ತಂದುಕೊಳ್ಳುವ ವೇಗವನ್ನೇ ಒರೆಗೆ ಹಚ್ಚುವ ಎಚ್‌ಪಿಸಿಜಿ ಪರೀಕ್ಷೆಯಲ್ಲಿ ಅದೇ ಯಂತ್ರ ತೋರಿಸಿದ್ದು ಸುಮಾರು 16. ಯಂತ್ರ ಒಂದೇ, ಕೇಳಿದ ಪ್ರಶ್ನೆ ಬೇರೆ, ಅಲ್ವಾ? ಅದಕ್ಕೇ ಜಾಣ ಖರೀದಿದಾರರು ತಮ್ಮದೇ ಪ್ರೋಗ್ರಾಂ ಓಡಿಸಿ ನೋಡುತ್ತಾರೆ.

ಹೆಲಿಕಾಪ್ಟರಿಗೂ ಅದನ್ನೇ ಕೇಳಿ. ಬೇಕಂತಲೇ ಬಿರುಕು ಮಾಡಿದ ಗೇರನ್ನು ಪರೀಕ್ಷಾ ಯಂತ್ರದಲ್ಲಿ ಕೂರಿಸಿ, ಬೇರೆ ಬೇರೆ ಹೊರೆಯಲ್ಲಿ ಓಡಿಸಲಿ. ಹಿಡಿದದ್ದರ ಜೊತೆ ತಪ್ಪಿಸಿಕೊಂಡದ್ದನ್ನೂ ತಯಾರಕರು ಪ್ರಕಟಿಸಲಿ. ಸುಳ್ಳು ಎಚ್ಚರಿಕೆ ಎಷ್ಟು ಬಂತು ಅನ್ನುವುದೂ ಅದರಲ್ಲಿರಲಿ. ಸುಮ್ಸುಮ್ನೆ ಅಲಾರಂ ಹೊಡೆದುಕೊಳ್ಳುತ್ತಿದ್ದರೆ ಮೆಕ್ಯಾನಿಕ್‌ಗಳು ಅದನ್ನು ನಂಬುವುದನ್ನೇ ಬಿಡುತ್ತಾರೆ. ಗೇರ್‌ಬಾಕ್ಸ್ ಒಳಗೇ ಸೆನ್ಸರ್ ಇಡುವ ಸಂಶೋಧನೆಗೂ ದಯವಿಟ್ಟು ಹಣ ಕೊಡಿ.

ಇಂತಿ,
ಒಬ್ಬ ನಾಗರಿಕ