ಕಿಡ್ನಿ ಉಳೀತು, ಆದ್ರ ತೊಗಲಿನ ಬಗ್ಗೆ ಯಾರೂ ಹೇಳಲಿಲ್ಲ: ವೈದ್ಯಕೀಯ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ಶರಣು ಶರಣಾರ್ಥಿ.

ಸಾಹೇಬ್ರ, ನಾನು ಕಲಬುರಗಿ ಜಿಲ್ಲಾ ಚಿತ್ತಾಪುರ ತಾಲೂಕಿನಾಂವ. ನನ್ನ ತಮ್ಮ ಫರ್ಸಿ ಕಲ್ಲಿನ ಖಣಿಯಾಗ ದುಡೀತಿದ್ದ, ಎರಡೂ ಕಿಡ್ನಿ ಹೋದ್ವು, ಒಂದೂವರಿ ವರ್ಷ ಡಯಾಲಿಸಿಸ್ ಮ್ಯಾಲೇ ಇದ್ದ, ಕಡೀಕ ನಮ್ಮವ್ವ ತನ್ನದೊಂದು ಕಿಡ್ನಿ ಕೊಟ್ಟಳು, ಬೆಂಗಳೂರಾಗ ಆಪರೇಷನ್ ಆತು. ರೊಕ್ಕ ಹೆಂಗ ಹೊಂದಿಸಿದ್ವಿ ಅನ್ನೋದು ಬ್ಯಾರೆ ಕತಿ, ಅದನ್ನ ಹೇಳಾಕ ಈ ಪತ್ರ ಬರೀತಿಲ್ರಿ. ಆಪರೇಷನ್ ಆಗಿ ನಾಲ್ಕು ವರ್ಷ ಆತು. ಮೊಬೈಲ್‌ನಾಗ ಅಲಾರಾಂ ಇಟ್ಟು ಮುಂಜಾನಿ 9ಕ್ಕ ರಾತ್ರಿ 9ಕ್ಕ ತಪ್ಪದೇ ಗುಳಿಗಿ ನುಂಗ್ತಾನ.

ಬೆಂಗಳೂರಿಂದ ಕಳಸುವಾಗ ನಮಗ ಏನೇನ್ ಹೇಳಿದ್ರು ಅಂದ್ರ ನೀರು ಕುದಿಸಿ ಆರಿಸಿ ಕುಡೀರಿ, ಮಂದಿ ಗದ್ದಲದಾಗ ಮಾಸ್ಕ್ ಹಾಕ್ರಿ, ಗುಳಿಗಿ ತಪ್ಪಸಬ್ಯಾಡ್ರಿ, ಜ್ವರ ಬಂದ್ರ ಫೋನ್ ಮಾಡ್ರಿ. ಎಲ್ಲಾ ಖರೇ ಮಾತು, ಎಲ್ಲಾ ಪಾಲಿಸಿದ್ವಿ. ತೊಗಲಿನ ಬಗ್ಗೆ ಮಾತ್ರ ಒಂದು ಮಾತೂ ಬರಲಿಲ್ಲ.

ಹೋದ ವರ್ಷ ಮಳಿಗಾಲದಾಗ ತಮ್ಮಗ ಉಡದಾರದ ಕೆಳಗ ಚಾರಾಣಿಯಷ್ಟು ದುಂಡಗ ಗಜಕರ್ಣ ಎದ್ದಿತ್ತು. ಗಜಕರ್ಣಕ್ಕ ನಮ್ಮ ಕಡಿ ಯಾರು ದವಾಖಾನಿಗಿ ಹೋಗ್ತಾರ್ರಿ? ಮೆಡಿಕಲ್ ಶಾಪಿನಾಂವ ಒಂದು ಟ್ಯೂಬ್ ಕೊಟ್ಟ, ಹಚ್ಚಿದ ಎರಡು ದಿನಕ್ಕ ತಿಂಡಿ (ತುರಿಕಿ) ಬಿಡೂದು ನಿಂತು ತಮ್ಮಗ ಭಾಳ ಖುಷಿ ಆತು. ಆದ್ರ ಆ ಟ್ಯೂಬಿನಾಗ ಸ್ಟಿರಾಯ್ಡ್ ಇತ್ತು, ಅದು ತಿಂಡಿ ಮುಚ್ಚತದ ಅಷ್ಟೇ, ಶಿಲೀಂಧ್ರ ಒಳಗೊಳಗೇ ಹಬ್ಬತದ. ತಿಂಗಳದಾಗ ಸೊಂಟದ ಸುತ್ತ, ತೊಡಿ ಸಂದಿ, ಬೆನ್ನಿನ ಮ್ಯಾಲತನಕ ಏರಿತು. ಅಂಗಿ ಬಿಚ್ಚಿ ನಿಂತಾಗ ಅವ್ವ ನೋಡಿ ಸೆರಗು ಬಾಯಿಗಿ ಹಿಡದಳು. ಮತ್ತ ಅದೇ ಶಾಪಿಗಿ ಹೋದ. ಈ ಸಲ ನುಂಗೋ ಗುಳಿಗಿ ಕೊಟ್ಟ. ಕಿಡ್ನಿ ಕಸಿ ಆದಾಂವ ಅಂತ ಅಂವಾ ಕೇಳಲಿಲ್ಲ, ಇಂವಾ ಹೇಳಲಿಲ್ಲ.

ಹತ್ತು ದಿನಕ್ಕ ಕೈ ನಡುಗಾಕ ಹತ್ತಿದ್ವು, ಚಾದ ಕಪ್ಪು ಹಿಡಿಯಾಕ ಬರವಲ್ದು. ರಕ್ತ ಚೆಕ್ ಮಾಡಿಸಿದ್ರ 1.2 ಇದ್ದ ಕ್ರಿಯಾಟಿನಿನ್ 2.4 ಆಗಿತ್ತು, ಅದು ಏರಿದ್ರ ಕಿಡ್ನಿ ಸರಿ ಕೆಲಸ ಮಾಡವಲ್ದು ಅಂತ ಅರ್ಥ. ರಾತ್ರೋರಾತ್ರಿ ಬೆಂಗಳೂರು ಟ್ರೇನ್ ಹಿಡದ್ವಿ, ರಿಸರ್ವೇಷನ್ ಇಲ್ಲ, ಜನರಲ್ ಡಬ್ಬಿ, ಬಾಗಲದಾಗ ಕುಂತು ಹೋದ್ವಿ. ಅಲ್ಲಿ ಡಾಕ್ಟರು ಗುಳಿಗಿ ಚೀಟಿ ನೋಡಿದ ಕೂಡ್ಲೇ ತಲಿಮ್ಯಾಲ ಕೈ ಇಟ್ಕೊಂಡ್ರು. ಫ್ಲುಕೊನಜೋಲ್, ಇಟ್ರಾಕೊನಜೋಲ್ ಇಂಥ ಫಂಗಸ್ ಗುಳಿಗಿ ನುಂಗಿದ್ರ, ಕಸಿ ಕಿಡ್ನಿ ಉಳಿಸಾಕ ತಮ್ಮ ದಿನಾ ನುಂಗೋ ಟ್ಯಾಕ್ರೋಲಿಮಸ್ ಲಿವರಿನಾಗ ಬೇಗ ಕರಗೂದಿಲ್ಲಂತ, ರಕ್ತದಾಗ ಏರಿಕೋತ ಹೋಗಿ ಕಿಡ್ನಿಗೇ ಹೊಡತ ಹಾಕ್ತದಂತ. ಅವ್ವ ಕೊಟ್ಟ ಕಿಡ್ನಿ ಒಂದು ಗಜಕರ್ಣದ ಗುಳಿಗಿಯಿಂದ ಹೋಗ್ತಿತ್ತು ಸಾಹೇಬ್ರ. ಗುಳಿಗಿ ನಿಲ್ಲಿಸಿ, ಡೋಸ್ ಬದಲು ಮಾಡಿ, ಮೂರು ವಾರಕ್ಕ ಕ್ರಿಯಾಟಿನಿನ್ ಕೆಳಗಿಳೀತು, ಆದ್ರ ಮೊದಲಿನಷ್ಟು ಇಳಿಲಿಲ್ಲ.

ಆಮ್ಯಾಲ ನಾನು ಡಾಕ್ಟರಿಗಿ ಬೆನ್ನು ಹತ್ತಿ ಕೇಳಿ ಕೇಳಿ ತಿಳಕೊಂಡೆ. ಬ್ಯಾರೆಯವರ ಕಿಡ್ನಿ ಮೈ ಒಪ್ಪಬೇಕಂದ್ರ ಮೈಯಾಗಿನ ರೋಗ ತಡೆಯೋ ಕಾವಲನ್ನ ಜೀವನಪೂರ್ತಿ ತಗ್ಗಿಸೇ ಇಡಬೇಕು, ಹಂಗ ತಗ್ಗಿಸಿದ್ರ ತೊಗಲಿಗೂ ಪೆಟ್ಟು ಬೀಳತದ. ಗಜಕರ್ಣ, ಚಿಬ್ಬು, ಸರ್ಪಸುತ್ತು, ಗೊಂಚಲು ಗೊಂಚಲಾಗಿ ಬರೋ ನರೂಲಿ, ಸ್ಟಿರಾಯ್ಡಿನ ಮೊಡವಿ ಎಲ್ಲಾ ಬರ್ತಾವ. ಕಜ್ಜಿ ಸುದ್ದಾ ಇವರಿಗಿ ಬಂದ್ರ ಒಮ್ಮೊಮ್ಮೆ ಸಾದಾ ಕಜ್ಜಿ ಇದ್ದಂಗ ಇರೂದಿಲ್ಲ, ದಪ್ಪಗ ಹಕ್ಕಳಿ ಕಟ್ಟಿ ಮನಿಮಂದಿಗೆಲ್ಲಾ ಹತ್ತತದ. ವರ್ಷ ಕಳದಂಗ ಚರ್ಮದ ಕ್ಯಾನ್ಸರ್ ಅಂಜಿಕಿನೂ ಅದ. ಬಿಳಿ ತೊಗಲಿನ ದೇಶದಾಗ ಕಸಿ ಆದವರಿಗಿ ಸ್ಕ್ವೇಮಸ್ ಅನ್ನೋ ಚರ್ಮದ ಕ್ಯಾನ್ಸರ್ ಉಳಿದವರಿಗಿಂತ 65ರಿಂದ 100 ಪಟ್ಟು ಹೆಚ್ಚು ಅಂತ ಲೆಕ್ಕ ಹಾಕ್ಯಾರ. ನಮ್ಮಂಥ ಕಪ್ಪು ತೊಗಲಿಗಿ ಅಷ್ಟು ಇಲ್ಲ, ನಮಗ ಸೋಂಕಿನ ಕಾಟನೇ ಹೆಚ್ಚು. ಆದ್ರ ನಮಗ ಬರೋದೇ ಇಲ್ಲಂತ ಸುಮ್ನಿರಾಕ ಬರಂಗಿಲ್ಲ, ಯಾಕಂದ್ರ ನಮ್ಮಂಥವರಿಗಿ ಅದು ಬಿಸಲು ಬೀಳದ ಮುಚ್ಚಿದ ಜಾಗದಾಗೂ ಬರ್ತದ, ತೊಡಿಸಂದಿ, ಗುಪ್ತಾಂಗದ ಕಡಿ. ಅಲ್ಲಿ ಆದ ಗಾಯ ನಮ್ಮ ಹೆಣ್ಮಕ್ಕಳು ಯಾರಿಗಿ ತೋರಸ್ತಾರ ಹೇಳ್ರಿ. ತಿಂಗಳಾದ್ರೂ ಮಾಯದ ಹುಣ್ಣು, ದಿಢೀರ್ ಬೆಳದು ರಕ್ತ ಬರೋ ನರೂಲಿ, ಬಣ್ಣ ಬದಲಾಗೋ ಮಚ್ಚಿ, ಇವು ಕಂಡ್ರ ತೋರಸ್ರಿ ಅಂತ ಯಾರರ ಒಬ್ರು ಬಾಯಿ ಬಿಟ್ಟು ಹೇಳಬೇಕಲ್ರಿ.

ಬಿಸಲಿಂದೂ ಅದ. ಮೇ ತಿಂಗಳದಾಗ ನಮ್ಮಲ್ಲಿ 43, 44 ಡಿಗ್ರಿ. ಮೈ ಕಾವಲು ತಗ್ಗಿಸಾಕ ಕೆಲವರಿಗಿ ಕೊಡೋ ಅಜಥಯೋಪ್ರಿನ್ ಗುಳಿಗಿ ತೊಗಲಿಗಿ ಬಿಸಲು ತಡಕೊಳ್ಳದಂಗ ಮಾಡ್ತದ. ತಲಿಗಿ ರುಮಾಲು ಸುತ್ತೂದು, ತುಂಬುತೋಳಿನ ಅಂಗಿ ನಮ್ಮ ಮಂದಿಗಿ ಮೊದಲಿಂದ ರೂಢಿ ಅದ, ಒಳ್ಳೇದೇ. ಕಿವಿ, ತುಟಿ, ಕುತ್ತಿಗಿ ಹಿಂಬದಿ ಮಾತ್ರ ಉಳೀತಾವ, ಅದಕ್ಕ ಸನ್‌ಸ್ಕ್ರೀನ್ ಹಚ್ಚಬೇಕು ಅಂತಾರ, ಖಣಿ ಕೂಲಿಯವ ತಿಂಗಳಾ ತಿಂಗಳಾ ಆ ಟ್ಯೂಬ್ ಹೆಂಗ ತರಬೇಕು? ಅಂಥವರಿಗಿ ಅದು ಅಲಂಕಾರ ಅಲ್ರಿ, ಔಷಧ. ಸರ್ಕಾರಿ ದವಾಖಾನ್ಯಾಗ ಪುಕ್ಕಟೆ ಕೊಡೋ ಔಷಧದ ಪಟ್ಟಿಗಿ ಸೇರಸ್ರಿ.

ನಾ ಕೇಳೂದು ದೊಡ್ಡದೇನಲ್ಲ ಸಾಹೇಬ್ರ. ಕಲಬುರಗಿಗಿ ಜಿಮ್ಸ್ ಅದ, ಬೀದರಿಗಿ ಬ್ರಿಮ್ಸ್ ಅದ, ಯಾದಗಿರಿಗಿ ಯಿಮ್ಸ್ ಅದ, ಮೂರೂ ನಿಮ್ಮ ಇಲಾಖಿಯ ಸರ್ಕಾರಿ ಮೆಡಿಕಲ್ ಕಾಲೇಜೇ. ತಿಂಗಳಿಗಿ ಒಂದು ದಿನ, ಒಂದೇ ದಿನ, ಕಸಿ ಆದವರಿಗಂತ ಚರ್ಮದ ಓಪಿಡಿ ಇಡಸ್ರಿ. ಅಂಗಿ ಬಿಚ್ಚಿಸಿ ತಲಿಯಿಂದ ಅಂಗಾಲತನಕ ನೋಡಬೇಕು, ಹೆಣ್ಮಕ್ಕಳಿಗಿ ಲೇಡಿ ಡಾಕ್ಟರು ಇರಬೇಕು. ಅನುಮಾನ ಬಂದ್ರ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆದ ಕೇಂದ್ರ ನಮ್ಮ ಕಲಬುರಗ್ಯಾಗೇ ಅದ, ಅಲ್ಲಿಗಿ ಕಳಸಬಹುದು. ಜೊತಿಗಿ ರಕ್ತದಾಗ ಟ್ಯಾಕ್ರೋಲಿಮಸ್ ಎಷ್ಟದ ಅಂತ ನೋಡೋ ಟೆಸ್ಟ್ ಇಲ್ಲೇ ಸರ್ಕಾರಿ ಲ್ಯಾಬಿನಾಗ ಆಗಬೇಕು. ಈ ಟೆಸ್ಟಿಗಿ ಮುಂಜಾನಿ ಗುಳಿಗಿ ನುಂಗೂದಕ್ಕ ಮೊದಲೇ ರಕ್ತ ಕೊಡಬೇಕಾಗ್ತದ, ಬೆಂಗಳೂರಿಗಿ ಹೋಗಿ ಇಳದು ಹಸದ ಹೊಟ್ಟೀಲೆ ಲೈನಿಗಿ ನಿಲ್ಲೂದು ಎಷ್ಟು ಕಷ್ಟ ಅಂತ ನಿಂತವರಿಗೇ ಗೊತ್ತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ರೊಕ್ಕ ಇಂಥದಕ್ಕಲ್ಲದ ಮತ್ಯಾವುದಕ್ಕ್ರಿ?

ಇನ್ನ ಮೆಡಿಕಲ್ ಶಾಪಿಂದು. ಸ್ಟಿರಾಯ್ಡ್ ಮುಲಾಮು ಡಾಕ್ಟರ ಚೀಟಿ ಇಲ್ದ ಮಾರಬಾರದಂತ 2018ರಾಗೇ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡ್ಯದ, ಆದ್ರೂ ನಮ್ಮ ಊರಾಗ ಟ್ಯೂಬ್ ಬಿಸ್ಕಿಟ್ ಪುಡಾ ಕೊಟ್ಟಂಗ ಕೊಡ್ತಾರ. ಇದು ಆರೋಗ್ಯ ಇಲಾಖಿಗಿ ಬರ್ತದ ಅಂತ ಗೊತ್ತದ, ನೀವು ಆ ಸಚಿವರಿಗಿ ಒಂದು ಮಾತು ಹಾಕ್ರಿ. ಆ ಶಾಪಿನವನ ಮ್ಯಾಲ ನನಗ ಸಿಟ್ಟಿಲ್ಲ, ಅವಂಗೂ ಯಾರೂ ಹೇಳಿಲ್ಲ.

ಈಗ ತಮ್ಮನ ಪಾಕೀಟಿನಾಗ ನಾನೇ ಬರದ ಚೀಟಿ ಒಂದು ಇರ್ತದ. "ನನಗ ಕಿಡ್ನಿ ಕಸಿ ಆಗ್ಯದ, ಟ್ಯಾಕ್ರೋಲಿಮಸ್ ತಗೋತೀನಿ, ನನ್ನ ಡಾಕ್ಟರಿಗಿ ಕೇಳದ ಯಾವ ಗುಳಿಗಿ, ಮುಲಾಮು ಕೊಡಬ್ಯಾಡ್ರಿ." ಕೆಳಗ ಫೋನ್ ನಂಬರ್. ಪ್ಲಾಸ್ಟಿಕ್ ಹಚ್ಚಿಸೀನಿ, ಬೆವರಿಗಿ ಹಾಳಾಗಬಾರದಂತ. ಡಯಾಲಿಸಿಸ್ ಟೈಮಿನಾಗ ಪರಿಚಯ ಆದ ನಾಲ್ಕು ಮಂದಿ ಕಸಿ ಮಾಡಿಸಿಕೊಂಡಾರ, ಅವರಿಗೂ ಬರದು ಕೊಟ್ಟೀನಿ. ನಿಮ್ಮ ಡಾಕ್ಟರು ಅದನ್ನ ತಿದ್ದಿ, ಸರ್ಕಾರದ ಸಿಕ್ಕಾ ಹಾಕಿ, ಕನ್ನಡದಾಗ ಉರ್ದುದಾಗ ಛಾಪಿಸಿ ಕಸಿ ಆದ ಪ್ರತಿಯೊಬ್ಬರಿಗೂ ಕೊಡ್ಲಿ. ಅಸಲಿ ಪ್ರತಿ ನನ್ನ ಹತ್ರ ಅದ, ಯಾವಾಗ ಕರದ್ರೂ ತಗೊಂಡು ಬರ್ತೀನಿ.

ಇಂತಿ ನಿಮ್ಮ ವಿಶ್ವಾಸಿ,
ಚಿತ್ತಾಪುರ ತಾಲೂಕಿನ ಒಬ್ಬ ಅಣ್ಣ