ಬಾಗಿಲು ಒಡೆದ ಸಂಜೆಗೆ ಹೆಗಲು ಕೊಟ್ಟವರಿಗೆ

ಹಿಂದಿಯ ಪತ್ತೇದಾರಿ ಟಿವಿ ಧಾರಾವಾಹಿ ಸಿಐಡಿಯ ನೆನಪಿಗೆಂದು ನಮ್ಮ ಬಳಗ ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ಇಟ್ಟುಕೊಂಡಿದ್ದ ಸಂಜೆ ಚೆಂದವಾಗಿ ಮುಗಿಯಿತು. ಠಾಣೆ, ಮುಲುಂಡ್, ಭಾಂಡುಪ್, ಕಲ್ಯಾಣ ಕಡೆಯಿಂದ ಮಕ್ಕಳು ಮರಿ ಕಟ್ಟಿಕೊಂಡು ಲೋಕಲ್ ಹತ್ತಿ ಬಂದ ಎಲ್ಲರಿಗೂ ನಮಸ್ಕಾರ. ವೇದಿಕೆಯ ಮೇಲೆ ಕಂಡವರಿಗೆ ಚಪ್ಪಾಳೆ ಅಲ್ಲೇ ಸಂದಿದೆ. ಹಿಂದೆ ನಿಂತು ದುಡಿದವರ ಋಣ ಬಾಕಿ ಇದೆ, ಅದಕ್ಕಾಗಿ ಈ ಬರಹ.

ಧಾರಾವಾಹಿ ಕಟ್ಟಿದವರಿಗೇ ಮೊದಲ ವಂದನೆ. 1998ರ ಜನವರಿ 21ರಂದು ಸೋನಿಯಲ್ಲಿ ಶುರುವಾದ ಸಿಐಡಿ 2018ರ ಅಕ್ಟೋಬರ್ 27ರವರೆಗೆ 1547 ಕಂತು ನಡೆಯಿತು, 2024ರ ಡಿಸೆಂಬರ್‌ನಲ್ಲಿ ಮತ್ತೆ ಬಂತು. ಅದನ್ನು ರೂಪಿಸಿದ ಬಿ. ಪಿ. ಸಿಂಗ್ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಛಾಯಾಗ್ರಹಣ ಕಲಿತು, ಮುಂಬಯಿ ದೂರದರ್ಶನದಲ್ಲಿ ಸುದ್ದಿಯ ಕ್ಯಾಮೆರಾ ಹಿಡಿದಿದ್ದವರು. ಹಿಂದಿಗೆ ಬರುವ ಮೊದಲು ಮರಾಠಿಯಲ್ಲಿ ‘ಏಕ್ ಶೂನ್ಯ ಶೂನ್ಯ’ ಎಂಬ ಪೊಲೀಸ್ ಧಾರಾವಾಹಿ ಮಾಡಿದ್ದರು, ಅದರಲ್ಲೂ ಶಿವಾಜಿ ಸಾಟಮ್ ಇದ್ದರು. ಸಿಐಡಿ ತಂಡದ ಮುಖ್ಯಸ್ಥ ಎಸಿಪಿ ಪ್ರದ್ಯುಮ್ನನ ಪಾತ್ರ ಹಾಕುವ ಮುಂಚೆ ಸಾಟಮ್ ಬ್ಯಾಂಕಿನಲ್ಲಿ ಕ್ಯಾಷಿಯರ್. ಬ್ಯಾಂಕು ಮತ್ತು ಹೋಟೆಲನ್ನೇ ನೆಚ್ಚಿ ಈ ಊರಿಗೆ ಬಂದ ನಮ್ಮ ಜನಕ್ಕೆ ಆ ಮುಖ ಪರಿಚಿತವೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಕರಾವಳಿಯವರ ಪಾಲು ಈ ಧಾರಾವಾಹಿಯಲ್ಲಿ ಸಣ್ಣದಲ್ಲ. ದಯಾ ಪಾತ್ರದ ದಯಾನಂದ ಶೆಟ್ಟಿ ಉಡುಪಿ ಜಿಲ್ಲೆಯ ಕಟಪಾಡಿ ಮೂಲದವರು, ತುಳು ನಾಟಕದಲ್ಲಿ ಬಣ್ಣ ಹಚ್ಚಿದವರು, 1994ರಲ್ಲಿ ಚಕ್ರ ಎಸೆತದಲ್ಲಿ ಮಹಾರಾಷ್ಟ್ರದ ಚಾಂಪಿಯನ್ ಆಗಿದ್ದವರು. ನಿರ್ಮಾಪಕ ಪ್ರದೀಪ್ ಉಪ್ಪೂರು ಅವರ ಹೆಸರಿನಲ್ಲೇ ಉಡುಪಿ ಸೀಮೆಯ ಊರಿದೆ. 1983ರಲ್ಲಿ ಮನಮೋಹನ ಶೆಟ್ಟಿಯವರ ಜೊತೆ ‘ಅರ್ಧಸತ್ಯ’ ಚಿತ್ರ ನಿರ್ಮಿಸಿದವರೂ ಅವರೇ, ಅದೂ ಪೊಲೀಸನೊಬ್ಬನ ಕಥೆ. 2023ರ ಮಾರ್ಚ್‌ನಲ್ಲಿ ಅವರು ತೀರಿಕೊಂಡರು. ಅದೇ ವರ್ಷ ಡಿಸೆಂಬರ್ 5ರಂದು ಫ್ರೆಡ್ರಿಕ್ಸ್ ಪಾತ್ರದ ದಿನೇಶ್ ಫಡ್ನಿಸ್ ಹೋದರು. ಸಂಜೆಯ ದೀಪ ಬೆಳಗಿದ್ದು ಇವರಿಬ್ಬರ ಹೆಸರಿನಲ್ಲಿ.

ಶುಕ್ರವಾರ ರಾತ್ರಿ ಹತ್ತಕ್ಕೆ ಬರುತ್ತಿದ್ದ ಕಾಲದ ನೆನಪನ್ನು ಬಂದವರೆಲ್ಲ ಹಂಚಿಕೊಂಡರು. ಕನ್ನಡ ರಾತ್ರಿ ಶಾಲೆ ಬಿಟ್ಟು ಹೋಟೆಲಿಗೆ ಮರಳುತ್ತಿದ್ದ ಹುಡುಗರು, ಅರ್ಧ ಇಳಿಸಿದ ಶಟರಿನ ಒಳಗೆ ಗಲ್ಲಾಪೆಟ್ಟಿಗೆಯ ಮೇಲಿನ ಟಿವಿ, ಕೊಲೆಗಾರ ಯಾರೆಂದು ಗೊತ್ತಾಗುವ ತನಕ ಗ್ರೈಂಡರ್ ಹಾಕಬೇಡಿ ಎಂದು ಭಟ್ಟರಿಗೆ ಗೋಗರೆಯುತ್ತಿದ್ದುದು. ಹೇಳಿದವರಿಗೂ, ಅದನ್ನು ಬರೆದುಕೊಂಡ ಮಾಟುಂಗದ ಅಕ್ಕನಿಗೂ ವಂದನೆ.

ಈಗ ಬಾಗಿಲಿನ ವಿಷಯ. ಧಾರಾವಾಹಿಯಲ್ಲಿ ಮುಚ್ಚಿದ ಬಾಗಿಲನ್ನು ಒದ್ದು ಒಡೆಯುವವನು ದಯಾ, ಅವನು ಬಾಗಿಲು ಒಡೆಯದಿದ್ದರೆ ನಾವು ವೇದಿಕೆಯಲ್ಲಿ ಆಡಿದ ಸಿಐಡಿ ಪ್ರಹಸನವನ್ನು ಯಾರೂ ಒಪ್ಪುವುದಿಲ್ಲ. ಅದು ಒಂದೇ ಒದೆತಕ್ಕೆ ತೆರೆಯಬೇಕು, ಸದ್ದಾಗಬೇಕು, ಒದ್ದವನಿಗೂ ಒಳಗೆ ನಿಂತವನಿಗೂ ಏಟಾಗಬಾರದು, ಮರುಪ್ರದರ್ಶನಕ್ಕೆ ಅದೇ ಬಾಗಿಲು ಬರಬೇಕು. ಇಷ್ಟನ್ನೂ ಮಾಡಿಕೊಟ್ಟ ಬಡಗಿ ಆಚಾರ್ಯರಿಗೆ ನಾವು ಕೈಮುಗಿಯುತ್ತೇವೆ. ಅವರ ವಿಧಾನ ಬೇರೆ ಸಂಘಗಳಿಗೂ ಬೇಕಾದೀತೆಂದು ಇಲ್ಲಿ ಬಿಡಿಸಿ ಹೇಳುತ್ತಿದ್ದೇವೆ.

ಬಾಗಿಲು ಆರೂವರೆ ಅಡಿ ಎತ್ತರ, ಎರಡೂ ಮುಕ್ಕಾಲು ಅಡಿ ಅಗಲ. ಒಳಗೆ 2 ಇಂಚು × 1 ಇಂಚಿನ ಪೈನ್ ರೀಪಿನ ಚೌಕಟ್ಟು, ಎರಡೂ ಬದಿಗೆ 3 ಮಿ.ಮೀ. ಪ್ಲೈವುಡ್. ಫ್ಲಶ್ ಬಾಗಿಲು ತಂದರೆ ಅದರ ಭಾರಕ್ಕೆ ಹಿಂದಿನ ಪರದೆ ಗೋಡೆಯೇ ಅಲುಗಾಡುತ್ತದೆ. ಪಾದ ಬೀಳುವ ಕಡೆ, ಚಿಲಕದ ಪಕ್ಕ, ಒಂದು ಅಡಿ ಚೌಕದಷ್ಟು ಜಾಗಕ್ಕೆ ಒಳಗಿನಿಂದ 12 ಮಿ.ಮೀ. ಹಲಗೆ ತುಂಬಬೇಕು. ಇಲ್ಲದಿದ್ದರೆ ಕಾಲು ಪ್ಲೈವುಡ್ ತೂರಿ ಒಳಗೆ ಸಿಕ್ಕಿಕೊಳ್ಳುತ್ತದೆ, ಬಾಗಿಲು ಮುಚ್ಚಿದಂತೆಯೇ ಇರುತ್ತದೆ.

ಒಡೆಯುವುದು ಬಾಗಿಲಲ್ಲ, ಪಟ್ಟಿ. ಚಿಲಕದ ಸರಳು ದಾರಂದದ ತೂತಿಗೆ ಹೋಗುವ ಬದಲು ಒಂದು ತೆಳು ಪೈನ್ ಪಟ್ಟಿಯ ಹಿಂದೆ ನಿಲ್ಲುತ್ತದೆ. ಪಟ್ಟಿ 8 ಇಂಚು ಉದ್ದ, 1 ಇಂಚು ಅಗಲ, 6 ಮಿ.ಮೀ. ದಪ್ಪ. ಮೇಲೆ ಕೆಳಗೆ ಎರಡು ಸ್ಕ್ರೂ ಮಾತ್ರ, ಬದಲಿಸಲು ಎರಡು ನಿಮಿಷ ಸಾಕು. ನಡುವೆ ಹ್ಯಾಕ್ಸಾದಿಂದ ಅಡ್ಡಲಾಗಿ 3 ಮಿ.ಮೀ. ಆಳದ ಗೀರು ಹಾಕಬೇಕು. ಈ ಗೀರು ಯಾವ ಬದಿಗೆ ಎನ್ನುವುದರಲ್ಲೇ ಎಲ್ಲ ಇದೆ. ಒದೆಯುವವನ ಎದುರು ಬದಿಗೆ, ಎಂದರೆ ಕೋಣೆಯ ಒಳಗಡೆಗೆ ಇರಬೇಕು. ಸರಳು ಒತ್ತಿದಾಗ ಪಟ್ಟಿ ಒಳಕ್ಕೆ ಬಾಗುತ್ತದೆ, ಆಗ ಒಳಮುಖದ ನಾರು ಎಳೆಯಲ್ಪಟ್ಟು ಗೀರು ಬಾಯಿ ಬಿಟ್ಟು ಫಟ್ಟನೆ ಮುರಿಯುತ್ತದೆ. ಹೊರಮುಖಕ್ಕೆ ಗೀರಿದರೆ ಬಾಗುವಾಗ ಅದು ಮುಚ್ಚಿಕೊಳ್ಳುತ್ತದೆ, ಪಟ್ಟಿ ಜಗ್ಗದೆ ನಿಲ್ಲುತ್ತದೆ, ಕಾಲಿಗೆ ಪೆಟ್ಟು.

ಮುಂಬಯಿಯ ಹವೆಯಲ್ಲಿ ಇನ್ನೊಂದು ತೊಂದರೆ. ತೇವ ಕುಡಿದ ಪಟ್ಟಿ ಮುರಿಯದೆ ಬಗ್ಗುತ್ತದೆ, ಸದ್ದೂ ಬರುವುದಿಲ್ಲ. ಆಚಾರ್ಯರು ಒಂದು ಡಜನ್ ಪಟ್ಟಿಗಳನ್ನು ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು ತಂದಿದ್ದರು. ಬಾಗಿಲಿಗೂ ದಾರಂದಕ್ಕೂ ನಡುವೆ ಸುತ್ತಲೂ 5 ಮಿ.ಮೀ. ಸಂದು ಬಿಟ್ಟದ್ದೂ ಇದಕ್ಕೇ. ಪ್ಲೈವುಡ್ ಉಬ್ಬಿ ಮೂಲೆ ಹಿಡಿದುಕೊಂಡರೆ ಪಟ್ಟಿ ಮುರಿದೂ ಬಾಗಿಲು ತೆರೆಯುವುದಿಲ್ಲ.

4 ಇಂಚಿನ ಮೂರು ಬಿಜಾಗರಿ. ಅವುಗಳ ಸ್ಕ್ರೂ ಬರೀ ಪ್ಲೈವುಡ್‌ಗೆ ಹೋದರೆ ಎರಡನೇ ಒದೆತಕ್ಕೆ ಕಿತ್ತು ಬರುತ್ತವೆ, ಹಿಂದೆ 2 ಇಂಚು ಚೌಕದ ಗಟ್ಟಿ ರೀಪು ಇರಲೇಬೇಕು. ದಾರಂದದ ಎರಡೂ ಕಡೆ ಹಿಂದಿನಿಂದ ಓರೆಯಾಗಿ ಆಧಾರದ ಮರ, ಪ್ರತಿಯೊಂದರ ಬುಡಕ್ಕೆ 15 ಕೆ.ಜಿ. ಮರಳಿನ ಚೀಲ. ತೆರೆದ ಬಾಗಿಲು ಗೋಡೆಗೆ ಬಡಿದು ತಿರುಗಿ ಬಂದು ಒಳನುಗ್ಗುವವನ ಮುಖಕ್ಕೆ ಹೊಡೆಯುವುದು ಸಾಮಾನ್ಯ ಅಪಾಯ, ಅದನ್ನು ಹಳೆಯ ಟಯರಿನ ತುಂಡು ತಡೆಯಿತು. ಒದೆಯುವಾಗ ಇಡೀ ಅಂಗಾಲು ಚಿಲಕದಿಂದ ಒಂದು ಗೇಣಿನೊಳಗೆ ಬೀಳಬೇಕು. ಬಿಜಾಗರಿಯ ಕಡೆಗೆ ಸರಿದಷ್ಟೂ ಬಲ ವ್ಯರ್ಥ. ಭುಜ ಕೊಡುವುದು ತೆರೆಯ ಮೇಲೆ ಚೆಂದ, ವೇದಿಕೆಯಲ್ಲಿ ಬೇಡ. ದಾರಂದದ ಬುಡದಲ್ಲಿ ಮೈಕ್ ಅಡಗಿಸಿಟ್ಟ ಧ್ವನಿವರ್ಧಕದ ತಮ್ಮನಿಗೆ ವಿಶೇಷ ಥ್ಯಾಂಕ್ಸ್. ಆ ಫಟ್ ಸದ್ದು ಹಿಂದಿನ ಸಾಲಿನವರೆಗೂ ಕೇಳಿಸಿತು.

ಧಾರಾವಾಹಿಯ ವಿಧಿವಿಜ್ಞಾನ ತಜ್ಞ ಡಾ. ಸಾಳುಂಕೆಯ ಪ್ರಯೋಗಾಲಯದ ಮೇಜನ್ನು ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕಿಯೊಬ್ಬರು ಹೊಂದಿಸಿಕೊಟ್ಟರು. ಬೀಕರುಗಳಲ್ಲಿ ಅಡುಗೆ ಬಣ್ಣದ ನೀರು, ಒಂದರಲ್ಲಿ ಮಾತ್ರ ಟಾನಿಕ್ ವಾಟರ್. ಅದರಲ್ಲಿರುವ ಕ್ವಿನೈನ್ ನೇರಳಾತೀತ ದೀಪದ ಕೆಳಗೆ ನೀಲಿಯಾಗಿ ಹೊಳೆಯುತ್ತದೆ, ಮಕ್ಕಳು ಅಲ್ಲಿಂದ ಏಳಲೇ ಇಲ್ಲ. ರಕ್ತಕ್ಕೆ 100 ಮಿ.ಲೀ. ಗ್ಲಿಸರಿನ್, ಎರಡು ಚಮಚ ಕೆಂಪು ಅಡುಗೆ ಬಣ್ಣ, ಅರ್ಧ ಚಮಚ ಕೋಕೋ ಪುಡಿ. ಕೋಕೋ ಇಲ್ಲದಿದ್ದರೆ ಶರಬತ್ತಿನ ಕೆಂಪಾಗುತ್ತದೆ. ಸಕ್ಕರೆ ಪಾಕದಲ್ಲಿ ಮಾಡಿದರೆ ಇರುವೆ ಮುತ್ತುತ್ತದೆ.

ಬೆರಳಚ್ಚಿನ ಕಲಿಕೆ ಅವರದೇ ಯೋಜನೆ, ಇಡೀ ಸಂಜೆಯಲ್ಲಿ ನಮಗೆ ತೀರ ಇಷ್ಟವಾದದ್ದೂ ಅದೇ. ಎಣ್ಣೆದೀಪದ ಮೇಲೆ ಸ್ಟೀಲ್ ತಟ್ಟೆ ಹಿಡಿದು ಕಟ್ಟಿದ ಮಸಿಯನ್ನು ಕೆರೆದು ತೆಗೆದರೆ ಪುಡಿ ತಯಾರು. ಮೇಕಪ್ಪಿನ ಮೆತ್ತನೆ ಬ್ರಷ್ಷಿನ ತುದಿಗೆ ತಾಕಿದಷ್ಟೇ ಪುಡಿ ಸಾಕು. ಹೆಚ್ಚಾದರೆ ಗೆರೆಗಳ ನಡುವಿನ ಸಂದು ತುಂಬಿ ಬರೀ ಕಪ್ಪು ಮಚ್ಚೆಯಾಗುತ್ತದೆ. ಗಾಜಿನ ಲೋಟದ ಮೇಲೆ ಬ್ರಷ್ಷನ್ನು ಒತ್ತದೆ ತೇಲಿಸಬೇಕು, ಗೆರೆ ಕಾಣತೊಡಗಿದ ಮೇಲೆ ಗೆರೆ ಹರಿದ ದಿಕ್ಕಿಗೇ ಆಡಿಸಬೇಕು. ಆಮೇಲೆ ಎರಡು ಇಂಚಿನ ಪಾರದರ್ಶಕ ಟೇಪನ್ನು ಒಂದು ಅಂಚಿನಿಂದ ಒತ್ತುತ್ತ ಹೋಗಿ, ಒಂದೇ ಎಳೆತಕ್ಕೆ ಎಬ್ಬಿಸಿ, ಬಿಳಿ ಕಾರ್ಡಿಗೆ ಅಂಟಿಸಬೇಕು. ನಡುವೆ ನಿಲ್ಲಿಸಿದರೆ ಅಚ್ಚಿನ ಮೇಲೆ ಅಡ್ಡಗೆರೆ ಬೀಳುತ್ತದೆ.

ಲೋಕಲ್ಲಿನಿಂದ ಇಳಿದು ಬಂದ ಬೆವರು ಕೈಯ ಅಚ್ಚು ಕಲಸಿಹೋಗುತ್ತದೆ. ಕೈ ತೊಳೆದು ಒರೆಸಿ, ಬೆರಳನ್ನು ಹಣೆಗೆ ಒಮ್ಮೆ ಸವರಿ ಲೋಟ ಮುಟ್ಟಿದರೆ ಹಣೆಯ ಜಿಡ್ಡಿಗೆ ಪುಡಿ ಚೆನ್ನಾಗಿ ಹಿಡಿಯುತ್ತದೆ. ಫ್ಯಾನ್ ಆರಿಸಿರಬೇಕು. ಹುಡುಗಿಯೊಬ್ಬಳ ಕಾರ್ಡಿನಲ್ಲಿ ಹೆಬ್ಬೆರಳಿನ ಸುಳಿ, ಅದರ ಬಲಕ್ಕೆ ಎರಡಾಗಿ ಕವಲೊಡೆದ ಗೆರೆ, ಕೆಳಗೆ ಹಳೆಯ ಗಾಯದ ಬಿಳಿ ಗೀಟು ಎಲ್ಲ ಭೂತಗನ್ನಡಿಯಲ್ಲಿ ಸ್ಪಷ್ಟವಾಗಿತ್ತು. ಧಾರಾವಾಹಿಯಲ್ಲಿ ಕಂಪ್ಯೂಟರ್ ಕ್ಷಣದಲ್ಲಿ ಹೊಂದಿಸಿಬಿಡುತ್ತದೆ. ನಿಜದಲ್ಲಿ ಇಂಥ ಕವಲು, ಇಂಥ ತುದಿಗಳನ್ನು ತಜ್ಞರು ಕಣ್ಣಿಟ್ಟು ಒಂದೊಂದಾಗಿ ಹೋಲಿಸುತ್ತಾರೆ. ಬೆರಳಚ್ಚುಗಳ ವರ್ಗೀಕರಣಕ್ಕೆ ಲೆಕ್ಕ ಹಾಕಿಕೊಟ್ಟವರಲ್ಲಿ ಕಲ್ಕತ್ತಾದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಮುಖ್ಯರು ಎಂದೂ, ಬೆರಳಚ್ಚಿನ ಕಚೇರಿ 1897ರಲ್ಲಿ ಅಲ್ಲಿ ಶುರುವಾಯಿತೆಂದೂ ಮಕ್ಕಳು ಕಲಿತು ಹೋದರು. ಟೀಚರ್, ನಿಮಗೆ ಎಷ್ಟು ಹೇಳಿದರೂ ಕಡಿಮೆ.

2004ರ ಅಕ್ಟೋಬರ್ 8ರಂದು ಲೋನಾವಳದಲ್ಲಿ ಸಿಐಡಿಯವರು 111 ನಿಮಿಷದ ಕಂತನ್ನು ಒಂದೇ ಶಾಟಿನಲ್ಲಿ, ಎಲ್ಲೂ ಕಟ್ ಇಲ್ಲದೆ ತೆಗೆದರು. ಅಂಥದ್ದರಲ್ಲಿ ಒಂದು ಪಿಸ್ತೂಲು ಎಲ್ಲೋ ಮರೆತರೂ ಎಲ್ಲ ಮೊದಲಿನಿಂದ. ನಾಟಕಕ್ಕೂ ಅದೇ ನಿಯಮ. ಸಾಮಾನುಗಳ ಮೇಜಿನ ಮೇಲೆ ಬಿಳಿ ಕಾಗದ ಹಾಸಿ, ಪ್ರತಿ ವಸ್ತುವಿನ ಸುತ್ತ ಗೆರೆ ಎಳೆದು, ಯಾವುದು ಹೋಗಿದೆ ಯಾವುದು ಬಂದಿಲ್ಲ ಎಂದು ಕಣ್ಣೋಟದಲ್ಲೇ ಹೇಳುತ್ತಿದ್ದ ಕಾಲೇಜು ಹುಡುಗಿಗೆ ಅಭಿನಂದನೆ. ಊಟದ ವ್ಯವಸ್ಥೆ ನೋಡಿಕೊಂಡವರಿಗೂ, ಟೆಂಪೋದವರಿಗೂ, ಸಭಾಂಗಣ ಗುಡಿಸಿದ ಅಕ್ಕಂದಿರಿಗೂ ನಮಸ್ಕಾರ.

ಕೊನೆಯದಾಗಿ, ಹಳೆಯ ವಿಎಚ್ಎಸ್ ಕ್ಯಾಸೆಟ್ ಹುಡುಕಿ ತಂದ ಮನೆಗಳಿಗೆ. ಕೇಬಲ್‌ನಿಂದ ಹಿಡಿದಿಟ್ಟ ಕಂತುಗಳ ನಡುವೆ ಮನೆಯ ಮದುವೆ, ಸೀಮಂತ, ಊರ ಕೋಲ ಎಲ್ಲ ಸೇರಿಕೊಂಡಿವೆ, ಆದ್ದರಿಂದ ಇವು ಮತ್ತೆ ಸಿಗುವಂಥವಲ್ಲ. ಲ್ಯಾಮಿಂಗ್ಟನ್ ರಸ್ತೆಯ ರಿಪೇರಿಯವರೊಬ್ಬರು ಪ್ಲೇಯರಿನ ಗಟ್ಟಿಯಾಗಿದ್ದ ರಬ್ಬರ್ ಬೆಲ್ಟ್ ಬದಲಿಸಿ, ಟೇಪನ್ನು ಓದುವ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಚಮೋಯ್ ಎಂಬ ಮೆದು ಚರ್ಮದ ಬಟ್ಟೆಯಿಂದ ಅಡ್ಡಲಾಗಿಯೇ ಒರೆಸಿಕೊಟ್ಟರು. ಮೇಲೆ ಕೆಳಗೆ ಒರೆಸಿದರೆ ಹೆಡ್ಡಿನ ತುದಿ ಮುರಿಯುತ್ತದೆ, ಹತ್ತಿ ಕಡ್ಡಿಯ ನೂಲು ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಹೆಚ್ಚು ಹೊತ್ತು ಹಿಡಿಸಲೆಂದು ಟೇಪನ್ನು ನಿಧಾನ ಓಡಿಸುವ ಲಾಂಗ್ ಪ್ಲೇನಲ್ಲಿ ಹಿಡಿದವು ಬೇರೆ ಯಂತ್ರದಲ್ಲಿ ಗೆರೆಗೆರೆಯಾಗಿ ಬಂದಾಗ ಚಿತ್ರ ಸರಿಹೊಂದಿಸುವ ಟ್ರ್ಯಾಕಿಂಗ್ ಗುಂಡಿಯನ್ನು ತಾಳ್ಮೆಯಿಂದ ತಿರುವಿದವರೂ ಅವರೇ.

ಕ್ಯಾಸೆಟ್ಟುಗಳು ನಮ್ಮ ಬಳಿ ಭದ್ರವಾಗಿವೆ, ಪ್ರತಿ ಮನೆಯವರು ಅವನ್ನು ನಕಲು ಮಾಡಿದ ತಮ್ಮ ಪೆನ್‌ಡ್ರೈವ್ ಜೊತೆಗೆ ಒಯ್ಯಬೇಕೆಂದು ಕೋರಿಕೆ. ಕಿಟಕಿಯಂಥ ಜಾಗದಲ್ಲಿ ಟೇಪಿನ ಸುರುಳಿಯ ಮೇಲೆ ಬಿಳಿ ಬೂಸಲು ಕಂಡ ಕ್ಯಾಸೆಟ್ಟುಗಳನ್ನು ಕೆಂಪು ಚೀಟಿ ಅಂಟಿಸಿ ಬೇರೆ ಇಟ್ಟಿದ್ದೇವೆ. ಅವನ್ನು ಮನೆಯ ಪ್ಲೇಯರಿಗೆ ಹಾಕಬೇಡಿ, ಬೂಸಲು ಹೆಡ್ಡಿಗೆ ಹತ್ತಿ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಉಳಿದವನ್ನು ಪೂರ್ತಿ ಹಿಂದಕ್ಕೆ ಸುತ್ತಿ, ಮಲಗಿಸದೆ ಪುಸ್ತಕದ ಹಾಗೆ ನಿಲ್ಲಿಸಿ, ಸ್ಪೀಕರಿನಿಂದ ದೂರ, ಗೋಡೆಗೆ ತಾಗದಂತೆ ಇಡಿ.